ಕಿವಿ ಎಣಿಸುವುದನ್ನು ಬಿಟ್ಟಾಗ

ಅಹಮದಾಬಾದಿನ ಉತ್ತರದಂಚಿನಲ್ಲಿ ಚಾಂದ್‌ಖೇಡಾ ಇದೆ. ಪಕ್ಕದ ಮೊಟೇರಾದಲ್ಲಿ 1,32,000 ಜನ ಕೂರಬಹುದಾದ ನರೇಂದ್ರ ಮೋದಿ ಕ್ರೀಡಾಂಗಣವಿದೆ. ಚಾಂದ್‌ಖೇಡಾದ ವಿಶ್ವಕರ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ ಕ್ರೀಡಾಂಗಣಕ್ಕೆ ನೇರ ಗೆರೆ ಎಳೆದರೆ ಸುಮಾರು ಒಂದೂವರೆ ಕಿಲೋಮೀಟರು. ಸದ್ದು ಇಷ್ಟು ದೂರ ಬರಲು ನಾಲ್ಕೂವರೆ ಸೆಕೆಂಡು ಹಿಡಿಯುತ್ತದೆ. ಉಪಗ್ರಹ, ಸರ್ವರ್ ಎಲ್ಲ ಸುತ್ತಿ ಬರುವ ಮೊಬೈಲಿನ ನೇರಪ್ರಸಾರ ಅದಕ್ಕಿಂತ ಎಷ್ಟೋ ನಿಧಾನ. ಹಾಗಾಗಿ ವಿಕೆಟ್ ಬಿದ್ದ ಸುದ್ದಿ ಪರದೆಗಿಂತ ಮೊದಲು ಕಿಟಕಿಯಿಂದ ಬರುವುದುಂಟು. ಬರುವುದಾದರೂ ಏನು? ಒಂದು ಮೊರೆತ, ಅಷ್ಟೆ. ಲಕ್ಷ ಜನ ಸೆಕೆಂಡಿಗೆ ಮೂರರಂತೆ ಚಪ್ಪಾಳೆ ತಟ್ಟಿದರೆ ಸೆಕೆಂಡಿಗೆ ಮೂರು ಲಕ್ಷ ಚಪ್ಪಾಳೆಯಾಯಿತು. ಅದರಲ್ಲಿ ಒಂದೇ ಒಂದು ಚಪ್ಪಾಳೆಯೂ ಬಿಡಿಯಾಗಿ ಕೇಳುವುದಿಲ್ಲ. ಒಬ್ಬ ಮನುಷ್ಯ ಎದುರಿಗೆ ನಿಂತು ಚಪ್ಪಾಳೆ ತಟ್ಟಿದರೆ ಗಡಿಬಿಡಿ ಅನಿಸುತ್ತದೆ. ಲಕ್ಷ ಜನ ತಟ್ಟಿದರೆ ಊರಿನ ಮೇಲೆ ಏನೋ ಕವಿದು ನಿಂತಂತಾಗುತ್ತದೆ. ಚಟುವಟಿಕೆ ಹೆಚ್ಚಿದಷ್ಟೂ ಸದ್ದು ನಿಶ್ಚಲವಾಗುತ್ತ ಹೋಗುತ್ತದೆ.

ಇದೇ ಒಗಟು ಸಂಗೀತದ ಒಂದು ಮೂಲೆಯಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಎದುರಾಗುತ್ತದೆ. ಬ್ಲ್ಯಾಕ್ ಮೆಟಲ್ ಎಂಬ ಪ್ರಕಾರವನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಇದು ಬರೀ ಗದ್ದಲ. ಎರಡು, ರೆಕಾರ್ಡಿಂಗ್ ಕೆಟ್ಟಿದೆ. ಹತ್ತಾರು ಸಲ ಕೇಳಿದವರ ಮಾತು ಇದಕ್ಕೆ ತದ್ವಿರುದ್ಧ: ಮಂಜು, ಕಾಡು, ಚಳಿ, ಏಕಾಂತ, ದೂರ. ಡ್ರಮ್ಮು ನಿಮಿಷಕ್ಕೆ ಇನ್ನೂರು ಬಡಿತದ ಮೇಲೆ ಓಡುತ್ತಿದೆ, ಗಿಟಾರು ಗರಗಸದಂತೆ ಕೊರೆಯುತ್ತಿದೆ, ಹಾಡುವವನು ಕಿರುಚುತ್ತಿದ್ದಾನೆ. ಆದರೂ ಕೇಳುವವನ ಅನುಭವ ನಿಂತ ನೀರಿನದು. ಇಬ್ಬರ ಮಾತೂ ನಿಜ ಎಂಬುದು ನನ್ನ ವಾದ. ಒಂದೇ ಕಾರಣ ಎರಡನ್ನೂ ಹುಟ್ಟಿಸುತ್ತದೆ, ಮತ್ತು ಆ ಕಾರಣ ನಮ್ಮ ಕಿವಿಯ ಹಿಂದಿನ ಲೆಕ್ಕಾಚಾರದಲ್ಲಿದೆ.

ಹೆಸರು ಮತ್ತು ಕಳಂಕ

ಬ್ರಿಟನ್ನಿನ ವೆನಮ್ ತಂಡದ 1982ರ ಆಲ್ಬಮ್ಮಿನ ಹೆಸರೇ 'ಬ್ಲ್ಯಾಕ್ ಮೆಟಲ್'. ಪ್ರಕಾರಕ್ಕೆ ಹೆಸರು ಬಂದದ್ದು ಅಲ್ಲಿಂದ. ಸ್ವೀಡನ್ನಿನ ಬಾಥರಿ ತಂಡ 1984ರಿಂದ ಅದಕ್ಕೆ ಒರಟು ರೂಪ ಕೊಟ್ಟಿತು. ಈಗ ನಾವು ಗುರುತಿಸುವ ಸ್ವರೂಪ ಗಟ್ಟಿಯಾದದ್ದು 1990ರ ದಶಕದ ಮೊದಲ ವರ್ಷಗಳ ನಾರ್ವೆಯಲ್ಲಿ, ಮೇಹೆಮ್, ಡಾರ್ಕ್‌ಥ್ರೋನ್, ಬುರ್ಜುಮ್, ಇಮ್ಮಾರ್ಟಲ್, ಎಂಪೆರರ್ ತಂಡಗಳ ಕೈಯಲ್ಲಿ. ಅದೇ ವರ್ಷಗಳಲ್ಲಿ ಅದೇ ಗುಂಪಿನವರು ಚರ್ಚುಗಳಿಗೆ ಬೆಂಕಿಯಿಟ್ಟರು. ಬರ್ಗೆನ್ ಹತ್ತಿರದ ಫಾಂಟಾಫ್ಟಿನ ಹಳೆಯ ಮರದ ಚರ್ಚು 1992ರ ಜೂನಿನಲ್ಲಿ ಸುಟ್ಟುಹೋಯಿತು. 1993ರ ಆಗಸ್ಟಿನಲ್ಲಿ ಮೇಹೆಮ್ ತಂಡದ ಗಿಟಾರಿಸ್ಟನನ್ನು ಬುರ್ಜುಮ್‌ನ ಏಕೈಕ ಸದಸ್ಯ ವರ್ಗ್ ವಿಕೆರ್ನೆಸ್ ಕೊಂದ. ಮರುವರ್ಷ ಅವನಿಗೆ 21 ವರ್ಷಗಳ ಶಿಕ್ಷೆಯಾಯಿತು. ಅವನ ಜನಾಂಗದ್ವೇಷದ ಬರಹಗಳೂ ಗುಟ್ಟಿನವಲ್ಲ. ಈ ಸದ್ದಿನ ಬಗ್ಗೆ ಬರೆಯುವವರು ಇದನ್ನು ಮುಚ್ಚಿಡಬಾರದು. ಇದನ್ನಷ್ಟೇ ಬರೆದು ಸದ್ದನ್ನು ಬಿಟ್ಟುಬಿಡುವ ಚಾಳಿಯೂ ಇದೆ. ಕೊಲೆಯ ಕತೆ ಹೇಳಲು ಸುಲಭ, ಕಂಪನದ ಕತೆ ಕಷ್ಟ.

ನಮ್ಮ ಕಡೆ ಮೆಟಲ್ ಎಂದರೆ ಮೊದಲು ನೆನಪಾಗುವುದು ಬೆಂಗಳೂರು. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದವು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಬೆಂಗಳೂರಿನದೇ ತಂಡ. ಆದರೆ ಇವರೆಲ್ಲರ ಸಂಗೀತ ಬೇರೆ ಜಾತಿಯದು. ಮೆಟಾಲಿಕಾದ ಗಿಟಾರಿಸ್ಟ್ ತಂತಿಯನ್ನು ಮೀಟಿದ ಕ್ಷಣವೇ ಅಂಗೈಯ ಅಂಚಿನಿಂದ ಅದುಮಿ ಸದ್ದನ್ನು ಕತ್ತರಿಸುತ್ತಾನೆ. ಪ್ರತಿ ಪೆಟ್ಟೂ ಬೇರೆ, ಎರಡು ಪೆಟ್ಟಿನ ನಡುವೆ ಗಾಳಿ ಆಡುವಷ್ಟು ಜಾಗ. ತಲೆ ಕುಣಿಸುವುದಕ್ಕೆ ಆ ಜಾಗ ಬೇಕು. ಬ್ಲ್ಯಾಕ್ ಮೆಟಲ್ ಮಾಡುವುದು ಆ ಜಾಗವನ್ನು ಮುಚ್ಚುವ ಕೆಲಸ. ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ವೇಗ ಒಂದೇ ಸಾಲದು

ಲೆಕ್ಕದಿಂದ ಶುರು ಮಾಡೋಣ. ನಿಮಿಷಕ್ಕೆ 200 ಬಡಿತದ ಹಾಡಿನಲ್ಲಿ ಗಿಟಾರಿಸ್ಟ್ ಒಂದು ಬಡಿತಕ್ಕೆ ನಾಲ್ಕು ಸಲ ತಂತಿಯನ್ನು ಮೇಲೆ ಕೆಳಗೆ ಮೀಟುತ್ತಾನೆ. ಟ್ರೆಮೊಲೊ ಪಿಕಿಂಗ್ ಎಂದು ಇದಕ್ಕೆ ಹೆಸರು. ನಿಮಿಷಕ್ಕೆ 800 ಮೀಟು, ಸೆಕೆಂಡಿಗೆ 13ಕ್ಕಿಂತ ತುಸು ಹೆಚ್ಚು. ಒಂದಕ್ಕೂ ಇನ್ನೊಂದಕ್ಕೂ ನಡುವೆ 75 ಮಿಲಿಸೆಕೆಂಡು. ಡ್ರಮ್ಮಿನಲ್ಲಿ ಬ್ಲಾಸ್ಟ್ ಬೀಟ್ ಎಂಬ ನಡೆ: ಸ್ನೇರ್, ಕಿಕ್, ಸಿಂಬಲ್ ಮೂರೂ ಸೇರಿ ಹೆಚ್ಚುಕಡಿಮೆ ಅದೇ ವೇಗದಲ್ಲಿ, ಒತ್ತು ಯಾವುದಕ್ಕೂ ಇಲ್ಲದಂತೆ ಬೀಳುತ್ತವೆ. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಉಚ್ಚರಿಸುತ್ತೇವೆ. ಮನುಷ್ಯನ ಕಿವಿ ಹೆಚ್ಚು ಸಲೀಸಾಗಿ ಓದುವ ಗತಿ ಅದು. ಸೆಕೆಂಡಿಗೆ ಇಪ್ಪತ್ತರ ಹತ್ತಿರ ಹೋದಂತೆ ಬಿಡಿ ಪೆಟ್ಟುಗಳು ಒಂದರೊಳಗೊಂದು ಬೆರೆತು ಗುಂಯ್‌ಗುಡುವ ಸ್ವರವಾಗಿ ಮಾರ್ಪಡಲು ತೊಡಗುತ್ತವೆ. ಬ್ಲ್ಯಾಕ್ ಮೆಟಲ್ಲಿನ 13 ಎಂಬುದು ಮಾತಿನ ಗತಿಯನ್ನು ದಾಟಿ, ಸ್ವರದ ಗಡಿಯನ್ನು ಮುಟ್ಟದೆ, ನಡುವಿನ ಎಡವಟ್ಟು ಜಾಗದಲ್ಲಿ ನಿಂತಿದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಇಲ್ಲಿ ತಕ್ಷಣ ತಕರಾರು ತೆಗೆಯಬಹುದು. ತನಿ ಆವರ್ತನದ ಕೊನೆಯಲ್ಲಿ ಮೃದಂಗದ ಬೆರಳು ಇದಕ್ಕೆ ಕಡಿಮೆಯಿಲ್ಲದ ವೇಗದಲ್ಲಿ ಓಡುತ್ತದಲ್ಲ, ಅಲ್ಲಿ ಮಂಜು ಕವಿಯುವುದಿಲ್ಲವಲ್ಲ? ಪ್ರತಿ ಸೊಲ್ಲೂ ಮುತ್ತಿನಂತೆ ಬಿಡಿಬಿಡಿಯಾಗಿ ಕೇಳುತ್ತದಲ್ಲ? ತಕರಾರು ಸರಿಯಾದದ್ದು, ಪ್ರಯೋಗಾಲಯವೂ ಅದರ ಪರವೇ ಇದೆ. ಒಂದೇ ಸಮನೆ ಬರುತ್ತಿರುವ ಸದ್ದಿನಲ್ಲಿ ಎರಡು-ಮೂರು ಮಿಲಿಸೆಕೆಂಡಿನ ಮೌನದ ಬಿರುಕು ಬಿಟ್ಟರೂ ಆರೋಗ್ಯವಂತ ಕಿವಿ ಅದನ್ನು ಗುರುತಿಸುತ್ತದೆ. 75 ಮಿಲಿಸೆಕೆಂಡು ಅದರ ಮುಂದೆ ಹೆಬ್ಬಾಗಿಲು. ಅಂದರೆ ವೇಗ ಒಂದರಿಂದಲೇ ಏನೂ ಕಲಸಿಹೋಗುವುದಿಲ್ಲ. ಮೃದಂಗದ ಪೆಟ್ಟು ಹುಟ್ಟುವಾಗ ಚೂಪಾಗಿ ಹುಟ್ಟಿ ಕೂಡಲೇ ಸಾಯುತ್ತದೆ, ಆದ್ದರಿಂದ ಮುಂದಿನ ಪೆಟ್ಟಿಗೆ ಖಾಲಿ ಜಾಗ ಸಿಗುತ್ತದೆ. ಕಲಸಿಹೋಗಬೇಕಾದರೆ ಪೆಟ್ಟಿನ ಚೂಪನ್ನು ಮೊಂಡು ಮಾಡಬೇಕು, ಖಾಲಿ ಜಾಗವನ್ನು ಏನಾದರೂ ತುರುಕಿ ತುಂಬಬೇಕು.

ಎರಡನ್ನೂ ಮಾಡುವ ಯಂತ್ರ ಗಿಟಾರಿನ ಡಿಸ್ಟಾರ್ಷನ್. ಸಂಕೇತವನ್ನು ಆಂಪ್ಲಿಫೈಯರು ತಾಳುವುದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಮೀಟಿದ ಕ್ಷಣದ ಎತ್ತರದ ಅಲೆಯೂ ಕತ್ತರಿಸಿಹೋಗುತ್ತದೆ; ಆಮೇಲೆ ಕ್ಷೀಣಿಸಬೇಕಾದ ಅಲೆಯೂ ಬಹಳ ಹೊತ್ತು ಅದೇ ಎತ್ತರದಲ್ಲಿ ನಿಲ್ಲುತ್ತದೆ. ಹುಟ್ಟು ಮತ್ತು ಬಾಳು ಒಂದೇ ಮಟ್ಟಕ್ಕೆ ಬಂದವು. ಇದರ ಮೇಲೆ ಎರಡನೆಯ ಗಿಟಾರು ಅದೇ ಸ್ವರಗಳನ್ನು ನುಡಿಸುತ್ತದೆ. ಮನುಷ್ಯರ ಕೈ ಮಿಲಿಸೆಕೆಂಡಿನ ಮಟ್ಟದಲ್ಲಿ ಎಂದೂ ಜೊತೆಯಾಗಿ ಬೀಳದಾದ್ದರಿಂದ ಒಬ್ಬನ ಬಿರುಕಿನಲ್ಲಿ ಇನ್ನೊಬ್ಬನ ಮೀಟು ಕೂರುತ್ತದೆ. ಇದರ ಮೇಲೆ ಕೋಣೆಯ ಅನುರಣನ, ಅಂದರೆ ಗೋಡೆಗಳಿಗೆ ಬಡಿದು ತಡವಾಗಿ ಮರಳುವ ಸದ್ದಿನ ಬಾಲ. ದೊಡ್ಡ ಸಭಾಂಗಣದಲ್ಲಿ ಇದು ಒಂದೆರಡು ಸೆಕೆಂಡು ಉಳಿಯುತ್ತದೆ, ಅಷ್ಟರಲ್ಲಿ ಹೊಸದಾಗಿ ಇಪ್ಪತ್ತಾರು ಮೀಟು ಬಿದ್ದಾಗಿರುತ್ತದೆ. ಮೊಟೇರಾದಲ್ಲೂ ನಡೆಯುವುದು ಇಂಥದೇ. ಕ್ರೀಡಾಂಗಣದ ಈಚೆ ದಂಡೆಯ ಚಪ್ಪಾಳೆಗಿಂತ ಆಚೆ ದಂಡೆಯ ಚಪ್ಪಾಳೆ ಚಾಂದ್‌ಖೇಡಾಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತದೆ. ಎಲ್ಲರೂ ಒಂದೇ ಕ್ಷಣ ತಟ್ಟಿದರೂ ಒಂದೇ ಕ್ಷಣ ಕೇಳುವುದು ಸಾಧ್ಯವಿಲ್ಲ.

ಹಾಸುಸದ್ದು

ಬಿರುಕು ಮುಚ್ಚಿದ ಮೇಲೆ ಕಿವಿ ಏನು ಮಾಡುತ್ತದೆ? ಜೋಶ್ ಮೆಕ್‌ಡರ್ಮಟ್ ಮತ್ತು ಈರೊ ಸಿಮೊನ್ಚೆಲಿ ಎಂಬ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಕೆಲಸ ಈ ಪ್ರಶ್ನೆಗೆ ದಾರಿ ತೋರಿಸಿತು. ಮಳೆ, ಬೆಂಕಿಯ ಚಟಪಟ, ಕೀಟಗಳ ಗುಂಪು, ಹರಿವ ನೀರು: ಇಂಥ ಸದ್ದುಗಳಿಗೆ ಅವರು ಬಳಸಿದ ಹೆಸರು ಸೌಂಡ್ ಟೆಕ್ಸ್ಚರ್. ಹರಡಿಕೊಂಡಿರುವ, ಬಿಡಿ ಎಳೆ ಮುಖ್ಯವಾಗದ ಈ ಸದ್ದನ್ನು ನಾವು ಹಾಸುಸದ್ದು ಎನ್ನೋಣ. ಅವರು ನಿಜವಾದ ಮಳೆಯ ಧ್ವನಿಯಿಂದ ಹನಿಗಳನ್ನು ನಕಲು ಮಾಡಲಿಲ್ಲ. ಒಳಕಿವಿ ಸದ್ದನ್ನು ಬೇರೆ ಬೇರೆ ಕಂಪನದ ಪಟ್ಟಿಗಳಾಗಿ ಸೀಳುತ್ತದಲ್ಲ, ಆ ಪಟ್ಟಿಗಳ ಸರಾಸರಿ ಬಲ ಎಷ್ಟು, ಏರಿಳಿತ ಎಷ್ಟು, ಒಂದು ಏರುವಾಗ ಇನ್ನೊಂದು ಎಷ್ಟರ ಮಟ್ಟಿಗೆ ಜೊತೆಗೆ ಏರುತ್ತದೆ ಎಂಬ ಅಂಕಿಅಂಶಗಳನ್ನಷ್ಟೇ ತೆಗೆದುಕೊಂಡರು. ಆಮೇಲೆ ಕಂಪ್ಯೂಟರಿನಲ್ಲಿ ಗೊತ್ತುಗುರಿಯಿಲ್ಲದ ಕರಕರ ಸದ್ದನ್ನು ಹುಟ್ಟಿಸಿ, ಅದೇ ಅಂಕಿಅಂಶಗಳಿಗೆ ಹೊಂದುವಂತೆ ತಿದ್ದಿದರು. ಅದರಲ್ಲಿ ಒಂದು ಹನಿಯೂ ನಿಜವಲ್ಲ. ಕೇಳಿದವರು ಮಳೆ ಎಂದೇ ಗುರುತಿಸಿದರು.

ಇನ್ನೂ ಸೊಗಸಾದದ್ದು 2013ರಲ್ಲಿ ಮೈಕಲ್ ಶೆಮಿಚ್ ಜೊತೆ ಸೇರಿ ಅವರು ಪ್ರಕಟಿಸಿದ ಪ್ರಯೋಗ. ಒಂದೇ ಬಗೆಯ ಹಾಸುಸದ್ದಿನ ಬೇರೆ ಬೇರೆ ತುಣುಕುಗಳನ್ನು ಕೇಳಿಸಿ, ಯಾವುದು ಬೇರೆ ತುಣುಕು ಎಂದು ಗುರುತಿಸಲು ಹೇಳಿದರು. ತುಣುಕು ಸೆಕೆಂಡಿನ ಸಣ್ಣ ಚೂರಾಗಿದ್ದಾಗ ಜನ ಚೆನ್ನಾಗಿ ಗುರುತಿಸಿದರು. ಅದನ್ನು ಎರಡೂವರೆ ಸೆಕೆಂಡಿನವರೆಗೆ ಉದ್ದ ಮಾಡುತ್ತ ಹೋದಂತೆ ಅವರ ಸಾಮರ್ಥ್ಯ ಕುಸಿಯಿತು. ವಿಚಿತ್ರ ನೋಡಿ: ಉದ್ದ ಹೆಚ್ಚಾದರೆ ಮಾಹಿತಿ ಹೆಚ್ಚುತ್ತದೆ, ವ್ಯತ್ಯಾಸ ಹಿಡಿಯುವುದು ಸುಲಭವಾಗಬೇಕಿತ್ತು. ಎರಡು ಬೇರೆ ಬಗೆಯ ಹಾಸುಸದ್ದುಗಳ ನಡುವಿನ ವ್ಯತ್ಯಾಸ ಹಿಡಿಯುವ ಪರೀಕ್ಷೆಯಲ್ಲಿ ಆದದ್ದೂ ಹಾಗೆಯೇ, ಉದ್ದ ಹೆಚ್ಚಿದಂತೆ ಜನ ಉತ್ತಮವಾದರು. ಅಂದರೆ ಸದ್ದು ತೀರ ದಟ್ಟವಾದಾಗ ಕಿವಿ ಬಿಡಿ ಘಟನೆಗಳನ್ನು ಕೈಬಿಟ್ಟು ಅವುಗಳ ಸಾರಾಂಶವನ್ನಷ್ಟೇ ಇಟ್ಟುಕೊಳ್ಳುತ್ತದೆ. ಹನಿಗಳು ಹೋದವು, ಮಳೆ ಉಳಿಯಿತು. ಸಾರಾಂಶ ಬದಲಾಗದಿರುವಷ್ಟು ಹೊತ್ತು ಏನೂ ನಡೆಯುತ್ತಿಲ್ಲ ಎಂಬ ಭಾವ. ಸಾರಾಂಶ ಬದಲಾದ ಗಳಿಗೆಯೇ ಎಚ್ಚರ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲಿನಲ್ಲಿ, ತೊಂಬತ್ತು ಸಾವಿರಕ್ಕೂ ಹೆಚ್ಚು ಜನರ ಎದುರು ಕೊಹ್ಲಿ ಬೌಲ್ಡ್ ಆದಾಗ ಮೊಟೇರಾ ಒಮ್ಮೆಲೇ ಸ್ತಬ್ಧವಾದದ್ದು ಟಿವಿಯಲ್ಲಿ ಕೇಳಿದವರಿಗೂ ನೆನಪಿದೆ. ಅಷ್ಟು ಹೊತ್ತು ಯಾರ ಗಮನಕ್ಕೂ ಬಾರದಿದ್ದ ಮೊರೆತ ನಿಂತಾಗಲಷ್ಟೇ ಕೇಳಿಸಿತು.

ಈ ಸಂಶೋಧನೆಯನ್ನೇ ನನ್ನ ವಾದಕ್ಕೆ ಎದುರಾಗಿ ನಿಲ್ಲಿಸಬಹುದು. ಮೆಕ್‌ಡರ್ಮಟ್ ಮತ್ತು ಸಿಮೊನ್ಚೆಲಿಯ ವಿಧಾನ ಎಲ್ಲ ಸದ್ದಿಗೂ ಫಲಿಸಲಿಲ್ಲ. ತಾಳವಿರುವ, ಸ್ಪಷ್ಟ ಶ್ರುತಿಯಿರುವ ಸದ್ದುಗಳಲ್ಲಿ, ಅಂದರೆ ಗಂಟೆ, ನಡಿಗೆ, ಡ್ರಮ್ಮಿನ ನಡೆ ಇಂಥವುಗಳಲ್ಲಿ, ಅದರ ನಕಲು ಸೋತಿತು. ಹಾಗಾದರೆ ತಾಳವೂ ಶ್ರುತಿಯೂ ಇರುವ ಸಂಗೀತವನ್ನು ಹಾಸುಸದ್ದು ಎನ್ನುವುದು ಹೇಗೆ? ಇಡೀ ಹಾಡನ್ನು ಹಾಗೆನ್ನಲಾಗದು, ನಿಜ. ಹಾಡಿನಲ್ಲಿ ಎರಡು ಗತಿಗಳಿವೆ ಎಂಬುದನ್ನು ಗಮನಿಸಬೇಕು. ಒಳಗಿನ ಮೀಟು ಸೆಕೆಂಡಿಗೆ 13. ಆದರೆ ಆ ಮೀಟು ಕಟ್ಟುವ ಸ್ವರಗುಚ್ಛ ಎರಡು, ನಾಲ್ಕು, ಕೆಲವೊಮ್ಮೆ ಎಂಟು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಮೊದಲನೆಯದನ್ನು ಕಿವಿ ಸಾರಾಂಶ ಮಾಡಿ ಹಾಸುತ್ತದೆ, ಎರಡನೆಯದನ್ನು ಘಟನೆಯಾಗಿ ಎಣಿಸುತ್ತದೆ. ನಿಜವಾದ ತಾಳ ಈ ಎರಡನೆಯದು, ಅದು ವಿಳಂಬ. ಡಾರ್ಕ್‌ಥ್ರೋನ್‌ನ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಆಲ್ಬಮ್ಮಿನಲ್ಲಿ ಡ್ರಮ್ಮು ಬಹುಪಾಲು ಒಂದೇ ನಡೆಯನ್ನು ಬಿಡದೆ ಹಿಡಿದಿರುವುದು ಸೋಮಾರಿತನದಿಂದಲ್ಲ. ಡ್ರಮ್ಮರ್ ಅಲ್ಲಲ್ಲಿ ಚಮತ್ಕಾರ ತೋರಿಸಿದ್ದರೆ ಕಿವಿ ಮತ್ತೆ ಎಣಿಸಲು ಕೂರುತ್ತಿತ್ತು.

ಗಾಂಧಾರ ಸೇರಿದಾಗ

ಹಾಸಿದರಾಯಿತೆ? ಮಳೆಗೂ ಬ್ಲ್ಯಾಕ್ ಮೆಟಲ್ಲಿಗೂ ವ್ಯತ್ಯಾಸವಿದೆ, ಎರಡನೆಯದರಲ್ಲಿ ವಿಷಾದವಿದೆ. ಇದು ಸ್ವರಗಳ ಆಯ್ಕೆಯಿಂದ ಬಂದದ್ದು. ಸಾಮಾನ್ಯ ಮೆಟಲ್ ಗಿಟಾರಿಸ್ಟರು ಡಿಸ್ಟಾರ್ಷನ್ ಹಾಕಿದಾಗ ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ಮೀಟುತ್ತಾರೆ. ಅದಕ್ಕೆ ಕಾರಣವಿದೆ. ಕತ್ತರಿಸಿದ ಅಲೆಯೊಳಗೆ ಎರಡು ಸ್ವರ ಸೇರಿದರೆ ಅವುಗಳ ಕಂಪನಗಳ ಮೊತ್ತ ಮತ್ತು ವ್ಯತ್ಯಾಸದಷ್ಟು ಕಂಪನವಿರುವ ಹೊಸ ಸ್ವರಗಳು ಹುಟ್ಟುತ್ತವೆ. ಷಡ್ಜ-ಪಂಚಮಗಳ ಅನುಪಾತ 2:3, ವ್ಯತ್ಯಾಸ 1. ಅದು ಷಡ್ಜದ್ದೇ ಕೆಳಗಿನ ಸ್ಥಾಯಿ. ಹೊಸಬ ಮನೆಯವನೇ ಆದ್ದರಿಂದ ಸದ್ದು ಗಟ್ಟಿಯಾಗುತ್ತದೆ, ಕಲಕುವುದಿಲ್ಲ. ಬ್ಲ್ಯಾಕ್ ಮೆಟಲ್ ಗಿಟಾರಿಸ್ಟರು ಇದಕ್ಕೆ ಸಾಧಾರಣ ಗಾಂಧಾರವನ್ನು ಸೇರಿಸಿ, ಮೂರು ನಾಲ್ಕು ತಂತಿಯ ಪೂರ್ಣ ಗುಚ್ಛವನ್ನು ಅದೇ ಡಿಸ್ಟಾರ್ಷನ್ನಿನೊಳಗೆ ತಳ್ಳುತ್ತಾರೆ. ಈಗ ಅನುಪಾತ 10:12:15. ವ್ಯತ್ಯಾಸಗಳು 2, 3, 5. ಅವುಗಳ ಸಂತಾನ ಇನ್ನೂ ಹಲವು. ಇದರ ಮೇಲೆ ಗಿಟಾರಿನ ಮೆಟ್ಟಿಲುಗಳ ಸಮ ಹಂಚಿಕೆಯಿಂದಾಗಿ ಅದರ ಗಾಂಧಾರ ಶುದ್ಧ ಅನುಪಾತಕ್ಕಿಂತ ತುಸು ಕೆಳಗೆ ಬೀಳುತ್ತದೆ. ಹುಟ್ಟಿದ ಸ್ವರಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಹೊಯ್ದಾಡುತ್ತವೆ. ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ವಿವರಿಸಿದ ಮಿಡಿತ ಮತ್ತು ಒರಟುತನ ಇದು. ಗಾಂಧಾರ ಹೊತ್ತು ತರುವ ವಿಷಾದ ಈ ಹೊಯ್ದಾಟದೊಳಗೆ ಅರ್ಧ ಮುಳುಗಿ ಕೇಳುತ್ತದೆ.

ಇದನ್ನು ಕರ್ಕಶ ಎಂದು ಬದಿಗಿಡುವ ಮೊದಲು ತಂಬೂರಿಯನ್ನು ನೆನೆಯಬೇಕು. ಕನ್ನಡದ ಗಡಿಗೆ ಅಂಟಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮಿರಜ್ ತಲೆಮಾರುಗಳಿಂದ ಹಿಂದೂಸ್ತಾನಿ ಗಾಯಕರಿಗೆ ತಂಬೂರಿ ಮಾಡಿಕೊಡುವ ಊರು. ತಂತಿಗೂ ಅದನ್ನು ಹೊರುವ ಕುದುರೆಗೂ ನಡುವೆ ತೂರಿಸುವ ಒಂದೆಳೆ ದಾರ ಆ ವಾದ್ಯದ ಗುಟ್ಟು. ಮೀಟಿದ ತಂತಿ ಬಾಗಿದ ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರುತ್ತ ಉಪಸ್ವರಗಳ ರಾಶಿಯನ್ನು ಹೊರಹಾಕುತ್ತದೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ತಂತಿಯನ್ನು ಮೀಟಿದ ಜಾಗದ ನಿಯಮದ ಪ್ರಕಾರ ಇರಲೇಬಾರದ ಉಪಸ್ವರಗಳೂ ಇಲ್ಲಿ ಕೇಳುತ್ತವೆ ಎಂದು ತೋರಿಸಿದರು. ತಂಬೂರಿಯ ಮೀಟನ್ನು ಕಛೇರಿಯಲ್ಲಿ ಯಾರೂ ಎಣಿಸುವುದಿಲ್ಲ. ಅದು ಘಟನೆಯಾಗಿರದೆ ಘಟನೆ ನಡೆಯುವ ಜಾಗವಾಗಿರುತ್ತದೆ. ಬ್ಲ್ಯಾಕ್ ಮೆಟಲ್ ಈ ಏರ್ಪಾಟನ್ನು ತಲೆಕೆಳಗು ಮಾಡಿತು: ತಂಬೂರಿಯ ಕೆಲಸ ಮಾಡುವ ಗಿಟಾರನ್ನು ವೇದಿಕೆಯ ಮುಂದಕ್ಕೆ ತಂದು, ಗಾಯಕನನ್ನು ಹಿಂದಿನ ಗೋಡೆಗೆ ನಿಲ್ಲಿಸಿತು. ಮೊದಲ ಸಲ ಕೇಳುವವರು ಹಾಡಿಗಾಗಿ ಕಾಯುತ್ತಾರೆ, ಹಾಡು ಬರುವುದೇ ಇಲ್ಲ. ಅವರಿಗೆ ಗದ್ದಲವೆಂದು ಕೇಳುವುದು ಈ ಕಾಯುವಿಕೆಯಿಂದ.

ದೂರ ಎಂಬ ಕಟ್ಟುವಿಕೆ

ನಿಶ್ಚಲತೆ ಸಿಕ್ಕಿತು. ದೂರ ಎಲ್ಲಿಂದ ಬಂತು? ಸದ್ದು ಎಷ್ಟು ದೂರದಿಂದ ಬರುತ್ತಿದೆ ಎಂಬುದಕ್ಕೆ ಕಿವಿಯ ಬಳಿ ಅಳತೆಗೋಲಿಲ್ಲ, ಸುಳಿವುಗಳಷ್ಟೇ ಇವೆ. ಅವುಗಳಲ್ಲಿ ಮುಖ್ಯವಾದದ್ದು ನೇರ ಬಂದ ಸದ್ದಿಗೂ ಗೋಡೆ ಬಡಿದು ಬಂದ ಸದ್ದಿಗೂ ಇರುವ ಪ್ರಮಾಣ. ಹತ್ತಿರ ನಿಂತವನ ಮಾತಿನಲ್ಲಿ ನೇರ ಸದ್ದು ಹೆಚ್ಚು. ದೂರ ಹೋದಂತೆ ಅದು ಕುಗ್ಗುತ್ತದೆ, ಅನುರಣನ ಮಾತ್ರ ಕೋಣೆಯಲ್ಲೆಲ್ಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೇಹೆಮ್ ತಂಡದ 1994ರ 'ಡಿ ಮಿಸ್ಟೀರಿಸ್ ಡಾಮ್ ಸಥಾನಾಸ್' ಆಲ್ಬಮ್ಮನ್ನು ಬರ್ಗೆನ್ ನಗರದ ಗ್ರಿಗ್‌ಹಾಲೆನ್ ಸಂಗೀತ ಸಭಾಂಗಣದಲ್ಲಿ ಧ್ವನಿಮುದ್ರಿಸಲಾಯಿತು. ಅಲ್ಲಿನ ತಂತ್ರಜ್ಞ, ಪಿಟ್ಟೆನ್ ಎಂದೇ ಹೆಸರಾದ ಐರಿಕ್ ಹುಂಡ್ವಿನ್, ನಾರ್ವೆಯ ಹಲವು ತಂಡಗಳ ಸದ್ದನ್ನು ರೂಪಿಸಿದವರು. ವಾದ್ಯವೃಂದಕ್ಕಾಗಿ ಕಟ್ಟಿದ ಸಭಾಂಗಣದ ಅವಕಾಶವೇ ಆ ಡ್ರಮ್ಮುಗಳ ಹಿಂದೆ ಕೇಳುತ್ತದೆ.

ಎರಡನೆಯ ಸುಳಿವು ಮಂದ್ರ ಕಂಪನಗಳದ್ದು. ಮೈಕನ್ನು ಬಾಯಿಗೆ ಹತ್ತಿರ ಹಿಡಿದಷ್ಟೂ ದನಿ ದಪ್ಪವಾಗುವುದು ಭಾಷಣಕಾರರಿಗೂ ಗೊತ್ತು, ಆಕಾಶವಾಣಿಯ ಉದ್ಘೋಷಕರಿಗಂತೂ ಚೆನ್ನಾಗಿ ಗೊತ್ತು. ಹತ್ತಿರದ್ದು ಎಂದರೆ ದಪ್ಪ ಎಂಬುದು ನಮ್ಮ ಕಿವಿಯಲ್ಲಿ ಕೂತುಬಿಟ್ಟಿದೆ. ಬ್ಲ್ಯಾಕ್ ಮೆಟಲ್ಲಿನ ಧ್ವನಿಮುದ್ರಣದಲ್ಲಿ ಬೇಸ್ ಗಿಟಾರು ಇದ್ದೂ ಇಲ್ಲದಂತಿರುತ್ತದೆ, ಗಿಟಾರಿನ ತಳವನ್ನೂ ಕೊಯ್ದಿರುತ್ತಾರೆ. ಉಳಿಯುವುದು ಮೇಲಿನ ಸುಯ್ಯೆನ್ನುವ ಪದರ. ಇಲ್ಲೊಂದು ತೊಡಕಿದೆ, ಬಲ್ಲವರು ಕೇಳಿಯೇ ಕೇಳುತ್ತಾರೆ. ಬಯಲಿನಲ್ಲಿ ದೂರದಿಂದ ಬರುವ ಸದ್ದು ಕಳೆದುಕೊಳ್ಳುವುದು ತಾರ ಕಂಪನಗಳನ್ನು. ಗಾಳಿ ಅವನ್ನೇ ಹೆಚ್ಚು ಹೀರುತ್ತದೆ. ಚಾಂದ್‌ಖೇಡಾಕ್ಕೆ ತಲುಪುವ ಮೊರೆತ ಮಂದ್ರವೇ ಹೊರತು ಸೀಟಿಯಲ್ಲ. ಬ್ಲ್ಯಾಕ್ ಮೆಟಲ್ ಅದಕ್ಕೆ ಉಲ್ಟಾ ಇದೆಯಲ್ಲ? ಉಲ್ಟಾ ಇದೆ, ಹಾಗಾಗಿಯೇ ಅದರ ದೂರ ಬಯಲಿನ ಸಹಜ ದೂರವಲ್ಲ. ತಳವಿಲ್ಲದ, ಕರಕರ ಬೆರೆತ ಸದ್ದನ್ನು ನಮಗೆ ಒಂದು ಶತಮಾನದಿಂದ ಕೇಳಿಸಿದ್ದು ದೂರವಾಣಿ ಮತ್ತು ಸಣ್ಣ ರೇಡಿಯೊ. ಇದು ಸುಳಿವುಗಳ ಬೆರಕೆ: ಅನುರಣನ ಹೇಳುವುದು ದೊಡ್ಡ ಜಾಗ ಎಂದು, ತೆಳು ದನಿ ಹೇಳುವುದು ಎಲ್ಲಿಂದಲೋ ತಲುಪಿದ್ದು ಎಂದು. ನಿಸರ್ಗದಲ್ಲಿ ಈ ಎರಡು ಹೀಗೆ ಜೊತೆಯಾಗುವುದು ಅಪರೂಪ. ಈ ಪ್ರಕಾರಕ್ಕೆ ಅಂಟಿಕೊಂಡ 'ಈ ಲೋಕದ್ದಲ್ಲ' ಎಂಬ ವಿಶೇಷಣದ ಮೂಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಕಿರುಚಾಟದ ವಿಷಯ ಬೇರೆಯಾಗಿ ಹೇಳಬೇಕು. ಲುಕ್ ಅರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದಂತೆ ಮನುಷ್ಯನ ಚೀತ್ಕಾರದಲ್ಲಿ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುವ ಒರಟುತನ ತುಂಬಿರುತ್ತದೆ, ಅದು ಮಿದುಳಿನಲ್ಲಿ ಭಯವನ್ನು ನಿಭಾಯಿಸುವ ಅಮಿಗ್ಡಲಾವನ್ನು ಕೆರಳಿಸುತ್ತದೆ. ಹಾಗಿದ್ದರೆ ಕೇಳುವವನು ನೆಮ್ಮದಿಯಿಂದ ಕೂತಿರುವುದು ಹೇಗೆ? ಕಿರುಚಿದ್ದು ಎಲ್ಲಿ ಎಂಬುದರ ಮೇಲೆ ಅದು ನಿಂತಿದೆ. ಪಾಪ್ ಹಾಡಿನಲ್ಲಿ ಗಾಯಕನ ದನಿ ಎಲ್ಲಕ್ಕಿಂತ ಮುಂದೆ. ಇಲ್ಲಿ ಗಿಟಾರಿಗಿಂತ ಕೆಳಗೆ, ಅನುರಣನದಲ್ಲಿ ಅದ್ದಿದ್ದು, ಅಕ್ಷರ ಗುರುತು ಸಿಗದಂತೆ. ಅದರ ಒರಟುತನ ಗಿಟಾರಿನ ಒರಟುತನದ ಜೊತೆ ಬೆರೆತುಹೋಗಿ ಹಾಸಿನ ಇನ್ನೊಂದು ಎಳೆಯಾಗುತ್ತದೆ. ಅಪಾಯದ ಗಂಟೆ ಪೂರ್ತಿ ಆರಿಲ್ಲ. ಆದರೆ ಅಪಾಯ ಈ ಕೋಣೆಯಲ್ಲಿಲ್ಲ ಎಂದು ಉಳಿದೆಲ್ಲ ಸುಳಿವುಗಳೂ ಹೇಳುತ್ತಿರುತ್ತವೆ.

ಬಡತನವೇ, ಹಿಮವೇ?

ಉಳಿದಿರುವ ದೊಡ್ಡ ಆಕ್ಷೇಪಗಳು ಎರಡು. ಇದಕ್ಕೆಲ್ಲ ವಿಜ್ಞಾನ ಯಾಕೆ, ಹುಡುಗರ ಬಳಿ ದುಡ್ಡಿರಲಿಲ್ಲ, ಅಗ್ಗದ ಯಂತ್ರದಲ್ಲಿ ಮುದ್ರಿಸಿದರು, ಆಮೇಲೆ ಅದನ್ನೇ ಕಲೆ ಎಂದರು ಎಂಬುದು ಮೊದಲನೆಯದು. ಡಾರ್ಕ್‌ಥ್ರೋನ್ ತಂಡದ ಚರಿತ್ರೆ ಇದಕ್ಕೆ ಉತ್ತರ. ಅವರ 1991ರ ಮೊದಲ ಆಲ್ಬಮ್ ಸ್ಟಾಕ್‌ಹೋಮಿನ ಹೆಸರಾಂತ ಸನ್‌ಲೈಟ್ ಸ್ಟುಡಿಯೊದಲ್ಲಿ ಅಚ್ಚುಕಟ್ಟಾಗಿ ಮುದ್ರಿತವಾದದ್ದು, ಡೆತ್ ಮೆಟಲ್ ಪ್ರಕಾರದ್ದು. 1992ರ ಎರಡನೆಯದಕ್ಕೆ ಬೇಕೆಂದೇ ಒರಟಿನ ಕಡೆ ಹೊರಳಿದರು. ಸದ್ದು ತೀರ ತೆಳುವಾಯಿತು, ಮತ್ತೆ ಮಿಶ್ರಣ ಮಾಡೋಣ ಎಂದು ಅವರ ಕಂಪನಿ ಪೀಸ್‌ವಿಲ್ ಬಯಸಿದಾಗ ತಂಡ ಒಪ್ಪಲಿಲ್ಲ. 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ವೇಳೆಗೆ ತಂಡದ ಫೆನ್ರಿಜ್ ಒಬ್ಬನೇ ಎಲ್ಲ ವಾದ್ಯ ನುಡಿಸಿ, ನಾಲ್ಕೇ ಪಥವಿರುವ ಮನೆಯ ಯಂತ್ರದಲ್ಲಿ ಮುದ್ರಿಸಿದ. ಅದೇ ವರ್ಷ ಮೇಹೆಮ್ ಹೋದ ದಾರಿ ಪೂರ್ತಿ ವಿರುದ್ಧ, ಸಭಾಂಗಣ ಮತ್ತು ಪಳಗಿದ ತಂತ್ರಜ್ಞ. ಒಂದು ಕಡೆ ಯಂತ್ರದ ಇತಿಮಿತಿ ಬಿರುಕು ತುಂಬಿತು, ಇನ್ನೊಂದು ಕಡೆ ಕಟ್ಟಡದ ಅನುರಣನ ತುಂಬಿತು. ಸಲಕರಣೆ ಬೇರೆ, ಫಲ ಒಂದೇ. ಬಡತನವೊಂದೇ ಕಾರಣವಾಗಿದ್ದರೆ ಈ ಎರಡು ಆಲ್ಬಮ್‌ಗಳು ಒಂದೇ ಪ್ರಕಾರದವೆಂದು ಯಾರೂ ಗುರುತಿಸುತ್ತಿರಲಿಲ್ಲ.

ಎರಡನೆಯ ಆಕ್ಷೇಪಕ್ಕೆ ನಾನು ಅರ್ಧ ಒಪ್ಪುತ್ತೇನೆ. ಹೊದಿಕೆಯ ಮೇಲೆ ಕಾಡು, ಹಿಮ, ಕತ್ತಲೆಯ ಚಿತ್ರ ಹಾಕಿದ್ದಾರೆ, ಆದ್ದರಿಂದ ಚಳಿ ಎನಿಸುತ್ತದೆ, ಸದ್ದಿನಲ್ಲಿ ಚಳಿ ಎಲ್ಲಿದೆ ಎಂಬುದು ಆ ಆಕ್ಷೇಪ. ಚಳಿ ಸದ್ದಿನಲ್ಲಿಲ್ಲ, ಸರಿ. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅಂಥ ಮಧ್ಯಾಹ್ನ ಚಾಂದ್‌ಖೇಡಾದ ಮುಚ್ಚಿದ ಕಿಟಕಿಯ ಹಿಂದೆ ಇಂಥ ಆಲ್ಬಮ್ಮೊಂದನ್ನು ಹೊದಿಕೆ ನೋಡದೆ ಕೇಳಿದವರಿಗೆ ಬಿಸಿಲ ಝಳವೋ ಧೂಳಿನ ಪರದೆಯೋ ತೋರಿದರೆ ತಪ್ಪೇನಿಲ್ಲ. ನಾರ್ವೆಯ ಅಲೆ ಏಳುವ ಮೊದಲೇ, 1987ರಲ್ಲಿ, ಬ್ರೆಜಿಲಿನ ಬೆಲೊ ಹೊರಿಜಾಂಟಿಯ ಸಾರ್ಕೊಫಾಗೊ ತಂಡ ಈ ಸದ್ದಿನ ಬೀಜರೂಪವನ್ನು ಮುದ್ರಿಸಿತ್ತು, ನಾರ್ವೆಯವರು ಅದನ್ನು ಮೆಚ್ಚಿ ಕೇಳಿದ್ದರು. ಉಷ್ಣವಲಯದ ಆ ಊರಿನಲ್ಲಿ ಹಿಮವೆಲ್ಲಿ ಬಂತು? 1992ರಲ್ಲಿ ಹುಟ್ಟಿದ ಸಿಂಗಾಪುರದ ರುದ್ರ ತಂಡ ಇದರ ಅಂಶಗಳನ್ನು ವೇದಾಂತದ ವಸ್ತುವಿಗೆ ಹೊಂದಿಸಿಕೊಂಡಿದೆ. ಜಾಗದ ಚಿತ್ರ ಬದಲಾಯಿತು, ಜಾಗ ಎಂಬ ಭಾವ ಬದಲಾಗಲಿಲ್ಲ. ಕಿವಿ ಕೊಡುವುದು ನಿಶ್ಚಲವಾದ, ವಿಶಾಲವಾದ, ದೂರದ ಒಂದು ಅವಕಾಶವನ್ನು. ಅದರಲ್ಲಿ ಮರ ನೆಡುವುದೋ ಮರಳು ಸುರಿಯುವುದೋ ಸಂಸ್ಕೃತಿಯ ಕೆಲಸ. ಹೊದಿಕೆಯ ಚಿತ್ರವೇ ಎಲ್ಲವನ್ನೂ ಮಾಡುವುದಾದರೆ ಅದೇ ಚಿತ್ರವನ್ನು ಮೆಟಾಲಿಕಾದ ಹಾಡಿಗೆ ಅಂಟಿಸಿದರೂ ಮಂಜು ಕವಿಯಬೇಕಿತ್ತು. ಕವಿಯುವುದಿಲ್ಲ, ಅಲ್ಲಿ ಬಿರುಕುಗಳು ತೆರೆದೇ ಇವೆ.

ಕೇಳಿ ನೋಡುವವರಿಗೆ

ಈ ವಾದವನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಮೇಲೆ ಹೆಸರಿಸಿದ ಡಾರ್ಕ್‌ಥ್ರೋನ್ ಆಲ್ಬಮ್ಮಿನ ಯಾವುದೇ ಹಾಡು ಹಾಕಿ, ಮೊದಲ ನಿಮಿಷ ಡ್ರಮ್ಮಿನ ಪೆಟ್ಟುಗಳನ್ನು ಎಣಿಸಲು ಯತ್ನಿಸಿ, ಗದ್ದಲವೇ ಕೇಳುತ್ತದೆ. ಎರಡನೆಯ ನಿಮಿಷದಿಂದ ಎಣಿಕೆ ಬಿಟ್ಟು ಗಿಟಾರಿನ ಸ್ವರಗುಚ್ಛ ಬದಲಾಗುವ ಗಳಿಗೆಯನ್ನಷ್ಟೇ ಗಮನಿಸಿ. ಇಷ್ಟವಾಗಲೇಬೇಕೆಂದಿಲ್ಲ. ಧ್ವನಿಯ ಮಟ್ಟವನ್ನು ಮಾತ್ರ ತಗ್ಗಿಸಿಯೇ ಇಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಟ್ಟ ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ. ಬಿರುಕು ತುಂಬುವ ಕೆಲಸ ಧ್ವನಿಮುದ್ರಣದಲ್ಲೇ ಮುಗಿದಿರುವುದರಿಂದ, ಈ ಸಂಗೀತದ ಮಂಜು ಕಡಿಮೆ ದನಿಯಲ್ಲೂ ಅಷ್ಟೇ ದಟ್ಟವಾಗಿರುತ್ತದೆ.